ಅಶ್ವತ್ಥನ ಬಲಗೈ

ಅಮೆರಿಕದ ಸಿಯಾಟಲ್ ಪಕ್ಕದ ಟಕ್ವಿಲಾದಲ್ಲಿ ದೊಡ್ಡ ಮಾಲ್ ದಾಟಿ ಗೋದಾಮುಗಳ ಸಾಲಿಗೆ ತಿರುಗಿದರೆ ಒಂದು ಸಣ್ಣ ಕ್ಯಾಸಿನೊ ಸಿಗುತ್ತಿತ್ತು. ಕ್ಯಾಸಿನೊ ಎಂದಕೂಡಲೇ ಝಗಮಗಿಸುವ ದೀಪ, ಕೋಟು ತೊಟ್ಟ ಕೋಟ್ಯಧೀಶರು ಅಂತೆಲ್ಲ ನೆನೆಸಿಕೊಳ್ಳಬೇಡಿ. ತಗ್ಗು ಸೂರಿನ ಕಟ್ಟಡ, ಸವೆದ ಕಾರ್ಪೆಟ್ಟು, ಒಂದು ಕಡೆ ಪೋಕರ್ ಮೇಜುಗಳು, ಇನ್ನೊಂದು ಕಡೆ ಗೋಡೆ ತುಂಬ ಟಿವಿ ತೂಗುಹಾಕಿದ ಹೋಟೆಲು. ಅಲ್ಲೇ ಹತ್ತಿರದ ನ್ಯೂಕ್ಯಾಸಲ್‌ನಲ್ಲಿದ್ದ ಅಶ್ವತ್ಥ ಪ್ರತಿ ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಹೆಂಡತಿ ರಜನಿ ಮುಖ ಸಿಂಡರಿಸುವುದನ್ನು ಕಂಡೂ ಕಾಣದವನ ಹಾಗೆ ಅಲ್ಲಿಗೆ ಹೊರಡುತ್ತಿದ್ದ.

ಜೊತೆಗೆ ಅಕ್ಬರ್. ಇಬ್ಬರೂ ಮೈಸೂರಿನವರು, ಓವರ್‌ಲೇಕ್‌ನ ಒಂದೇ ಕಟ್ಟಡದಲ್ಲಿ ಇಬ್ಬರಿಗೂ ಕೆಲಸ. ಅಕ್ಬರ್ ಜೂಜಿನ ಎಲೆ ಮುಟ್ಟುವವನಲ್ಲ, ಅವನ ಧರ್ಮದಲ್ಲಿ ಅದು ಹರಾಮು. ಅವನು ಹೋಟೆಲಿನ ಕಡೆ ಕೂತು, ಕೋಕ್ ಹೀರುತ್ತ, ಟಿವಿಯಲ್ಲಿ ಯಾವ ಆಟ ಬರುತ್ತಿದೆಯೋ ಅದನ್ನು ನೋಡುತ್ತಿದ್ದ. ಅಶ್ವತ್ಥ ಎದ್ದು ಬಂದಮೇಲೆ ಇಬ್ಬರಿಗೂ ಸಿಯಾಟಲ್ಲಿನ ಫುಟ್‌ಬಾಲ್ ತಂಡ ಸೀಹಾಕ್ಸ್‌ನ ಮರುದಿನದ ಪಂದ್ಯದ ಬಗ್ಗೆ ಜಗಳ. ಒಬ್ಬ ಹೌದು ಅಂದರೆ ಇನ್ನೊಬ್ಬ ಅಲ್ಲ ಅನ್ನಲೇಬೇಕು. ಕನ್ನಡದಲ್ಲಿ ಅವರಾಡುವ ಬೈಗುಳಕ್ಕೆ ಸಪ್ಲೈ ಮಾಡುವ ಹೆಂಗಸು ಮೊದಮೊದಲು ಹೆದರಿದ್ದಳಂತೆ, ಆಮೇಲೆ ಅಭ್ಯಾಸವಾಯಿತು.

ಅಶ್ವತ್ಥ ಹುಟ್ಟಾ ಆಟಗಾರ. ಮೈಸೂರಿನ ಲೀಗಿನಲ್ಲಿ ಆಫ್ ಸ್ಪಿನ್ ಎಸೆಯುತ್ತಿದ್ದ. ರಾಜ್ಯದ ತಂಡದ ಹೊಸ್ತಿಲವರೆಗೂ ಹೋಗಿ ವಾಪಸಾದವನು, ಆ ಸಂಕಟ ಅವನಿಗೆ ಕೊನೆಗೂ ಹೋಗಲಿಲ್ಲ. ಇಲ್ಲಿಗೆ ಬಂದಮೇಲೆ ಬೇಸಿಗೆಯಲ್ಲಿ ಬೇಸ್‌ಬಾಲ್, ಎಲೆ ಉದುರುವ ಕಾಲಕ್ಕೆ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಫುಟ್‌ಬಾಲ್ ಅಂತ ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಂಡ. ಪೋಕರ್ ಕಲಿತದ್ದು ಸಹೋದ್ಯೋಗಿಯೊಬ್ಬನ ಮನೆಯಲ್ಲಿ. ಕಲಿತದ್ದೇ ತಡ, ಅದರ ಹುಚ್ಚು ನೆತ್ತಿಗೇರಿತು.

“ನಾಚ್ಕೆ ಆಗಲ್ವೇನ್ರೀ, ಈ ವಯಸ್ನಲ್ಲಿ ಇಸ್ಪೀಟು?” ಎಂದು ರಜನಿ ಕೇಳಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು.

“ಅದು ಜೂಜಲ್ಲ ಕಣೇ, ಸ್ಪೋರ್ಟ್ಸು. ಎದುರಿಗೆ ಕೂತಿರೋನು ನನ್ನ ಸೋಲಿಸ್ಬೇಕು ಅಂತಾನೇ ಕೂತಿರ್ತಾನೆ. ಆಫೀಸಲ್ಲಿ ಯಾರಾದ್ರೂ ಹಾಗಿರ್ತಾರಾ? ಎಲ್ಲಾ ನಗ್ತಾ ನಗ್ತಾ ‘ಗ್ರೇಟ್ ಜಾಬ್’ ಅಂತಾರೆ, ಅಷ್ಟೇ. ಅಲ್ಲಿ ನನ್ನನ್ನ ಒಬ್ಬ ಆಟಗಾರ ಅಂತ ನೋಡ್ತಾರೆ.”

ಅವನು ಹೇಳಿದ್ದು ಸುಳ್ಳಲ್ಲ. ಐವತ್ತು ದಾಟಿದ ಗಂಡಸನ್ನು ಎದುರಾಳಿ ಎಂದು ಗಂಭೀರವಾಗಿ ನೋಡುವ ಜಾಗ ಭೂಮಿಯ ಮೇಲೆ ಎಷ್ಟಿವೆ ಹೇಳಿ?

ಸೀಹಾಕ್ಸ್ ಚಾಂಪಿಯನ್ ಆದ ವರ್ಷ, ಅಂದರೆ ೨೦೧೪ರ ಕೊನೆಯ ತಿಂಗಳುಗಳಲ್ಲಿ, ಅಶ್ವತ್ಥನ ಅದೃಷ್ಟ ಖುಲಾಯಿಸಿತು. ಅವನು ಪಣ ಕಟ್ಟಿದರೆ ಸಾಕು, ಮೇಜಿನ ಸುತ್ತ ಒಬ್ಬೊಬ್ಬರೇ ಪ್ಯಾಕ್ ಆಗಿ ಎಲೆ ಕೆಳಗಿಡುತ್ತಿದ್ದರು. ಪೋಕರ್‌ನಲ್ಲಿ ಎದುರಾಳಿ ‘ಕಾಲ್’ ಎಂದು ಸವಾಲು ಹಾಕಿದರೆ ಮಾತ್ರ ನಿಮ್ಮ ಎಲೆ ತೋರಿಸಬೇಕು. ಎಲ್ಲರೂ ಹೆದರಿ ಬಿಟ್ಟುಕೊಟ್ಟರೆ ಕೈಯಲ್ಲಿ ಕಸವಿದ್ದರೂ ಗೆಲುವು ನಿಮ್ಮದೇ. ಅಶ್ವತ್ಥನ ಕಸವೆಲ್ಲ ಗೆಲ್ಲತೊಡಗಿತು.

“ಮುಖದಲ್ಲಿ ಒಂದು ಗೆರೆ ಅಲ್ಲಾಡಲ್ಲ ಗುರೂ ನಂದು! ಇನ್ನು ದೊಡ್ಡ ಟೂರ್ನಮೆಂಟಿಗೇ ಇಳೀತೀನಿ,” ಎಂದು ಅವನು ಅಕ್ಬರನ ಮುಂದೆ ಮೀಸೆ ತಿರುವಿದ.

“ಮುಖ ಬಿಡು, ಕೈ ಯಾಕೆ ಹಿಂಗಾಡ್ತಿದೆ? ಶುಗರ್ ಚೆಕ್ ಮಾಡಿಸ್ಕೊ,” ಎಂದ ಅಕ್ಬರ್. ನಮ್ಮವರಿಗೆ ತಲೆ ನೋಯಲಿ ಕಾಲು ನೋಯಲಿ, ಮೊದಲು ಶುಗರ್ರೇ.

ಕೈ ಸಣ್ಣಗೆ ಆಡುತ್ತಿರುವುದು ಅಶ್ವತ್ಥನಿಗೂ ಗೊತ್ತಿತ್ತು. ಸುಮ್ಮನೆ ಇಟ್ಟಾಗ ಬಲಗೈಯ ಹೆಬ್ಬೆರಳು ತೋರುಬೆರಳು ಏನನ್ನೋ ಉರುಳಿಸುತ್ತಿರುವಂತೆ ಚಲಿಸುತ್ತಿದ್ದವು. ಚಳಿ ಅಂದುಕೊಂಡ, ಕಾಫಿ ಜಾಸ್ತಿಯಾಯಿತು ಅಂದುಕೊಂಡ. ಗೆಲ್ಲುತ್ತಿರುವವನಿಗೆ ಕೈ ನೋಡಿಕೊಳ್ಳಲು ಪುರುಸೊತ್ತೆಲ್ಲಿ?

ಆ ಮೇಜಿನಲ್ಲಿ ವಾಲ್ಟ್ ಎಂಬ ಬಿಳಿಗಡ್ಡದ ಮುದುಕನಿದ್ದ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಆಟಕ್ಕೆ ಕೂತರೆ ಕರುಣೆ ಅನ್ನುವುದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದ. ಡಿಸೆಂಬರಿನ ಒಂದು ಶನಿವಾರ ಅಶ್ವತ್ಥ ದೊಡ್ಡ ಪಣ ಕಟ್ಟಿ ಕೈಯನ್ನು ಮೇಜಿನ ಮೇಲಿಟ್ಟ. ವಾಲ್ಟ್ ಆ ಕೈಯನ್ನೇ ದಿಟ್ಟಿಸಿ, ನಿಟ್ಟುಸಿರುಬಿಟ್ಟು ಪ್ಯಾಕ್ ಆದ. ಅಶ್ವತ್ಥನಿಗೆ ತಡೆಯಲಾಗಲಿಲ್ಲ. ತೋರಿಸುವ ಅಗತ್ಯವಿಲ್ಲದಿದ್ದರೂ, ಮುದುಕನನ್ನು ಕೆಣಕಲೆಂದೇ ತನ್ನೆರಡು ಎಲೆಗಳನ್ನು ಮಗುಚಿದ. ಒಂದಕ್ಕೊಂದು ಸಂಬಂಧವಿಲ್ಲದ ಎರಡು, ಏಳು. ಶುದ್ಧ ಕಸ.

ಮೇಜಿನವರು ಹೋ ಎಂದು ನಕ್ಕರು. ವಾಲ್ಟ್ ನಗಲಿಲ್ಲ. ಅವನು ಎಲೆಗಳನ್ನು ನೋಡಿದ, ಮತ್ತೆ ಕೈಯನ್ನು ನೋಡಿದ. ಸ್ವಲ್ಪ ಹೊತ್ತಾದಮೇಲೆ ಎದ್ದು ಬಂದು ಅಶ್ವತ್ಥನ ಹೆಗಲು ಮುಟ್ಟಿ ಹೊರಗೆ ಕರೆದ. ಪಾರ್ಕಿಂಗಿನಲ್ಲಿ ಜಿನುಗು ಮಳೆ. ಸೂರಿನಡಿ ನಿಂತು ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು.

“ನಾವೆಲ್ಲ ಯಾಕೆ ನಿನಗೆ ಬಿಟ್ಟುಕೊಡ್ತಿದ್ವಿ ಗೊತ್ತಾ? ನಿನ್ನ ಕೈ ನಡುಗ್ತಿತ್ತು. ಪೋಕರ್ ಆಡೋರಿಗೆ ಇದು ಹಳೇ ಪಾಠ. ಭಾರೀ ಎಲೆ ಬಿದ್ದೋನ ಕೈ ತಡೆಯೋಕಾಗದೆ ನಡುಗುತ್ತೆ. ಇವತ್ತು ನಿನ್ನ ಹತ್ರ ಏನೂ ಇರಲಿಲ್ಲ. ಆದರೂ ನಡುಗ್ತು. ಹಾಗಾದ್ರೆ ಅದು ಎಲೆಯದ್ದಲ್ಲ. ನನ್ನ ಹೆಂಡತಿಗೆ ಹೀಗೇ ಶುರುವಾಗಿತ್ತು. ಡಾಕ್ಟರಿಗೆ ತೋರಿಸು, ತಡ ಮಾಡ್ಬೇಡ.”

ಅಶ್ವತ್ಥ ತನ್ನ ಕೈಯನ್ನು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡ. ಅವನಿಗೆ ಮೊದಲು ಬಂದದ್ದು ಭಯವಲ್ಲ, ಅವಮಾನ. ಇಷ್ಟು ದಿನ ಗೆದ್ದದ್ದು ತಾನಲ್ಲವೇ ಅಲ್ಲ! ಭಯ ಬಂದದ್ದು ಮನೆ ದಾರಿಯಲ್ಲಿ, ಸ್ಟಿಯರಿಂಗಿನ ಮೇಲಿದ್ದ ಬೆರಳುಗಳನ್ನು ಕಂಡಾಗ.

ಆಮೇಲೆ ಅವನು ಟಕ್ವಿಲಾ ಕಡೆ ತಲೆಹಾಕಲಿಲ್ಲ. ಅಕ್ಬರ್ ಕೇಳಿದರೆ ಕೆಲಸದ ನೆವ ಹೇಳಿದ. ಯಾರಿಗೂ ತಿಳಿಸದೆ ನರರೋಗದ ಡಾಕ್ಟರನ್ನು ಕಂಡ. ಆಕೆ ಅವನನ್ನು ನಡೆಸಿ ನೋಡಿದಳು, ಬೆರಳು ಆಡಿಸಿ ನೋಡಿದಳು, ಬರೆಸಿ ನೋಡಿದಳು. ಪಾರ್ಕಿನ್ಸನ್ಸ್ ಎಂದಳು. ವಾಸಿಯಾಗುವ ಕಾಯಿಲೆಯಲ್ಲ, ಆದರೆ ಔಷಧಿಯಿಂದ ವರ್ಷಾನುಗಟ್ಟಲೆ ಹದ್ದಿನಲ್ಲಿಡಬಹುದು ಎಂದು ಸಮಾಧಾನ ಹೇಳಿದಳು. ಅಶ್ವತ್ಥ ಥ್ಯಾಂಕ್ಯೂ ಹೇಳಿ ಬಂದು ಕಾರಿನಲ್ಲಿ ಕೂತ. ರಜನಿಗೆ ಹೇಗೆ ಹೇಳುವುದು ಎಂದು ತಿಳಿಯಲಿಲ್ಲ, ಹೇಳಲೂ ಇಲ್ಲ.

ಫೆಬ್ರವರಿಯ ಮೊದಲ ಭಾನುವಾರ ಸೂಪರ್ ಬೌಲ್, ಅಂದರೆ ಅಲ್ಲಿನ ಫುಟ್‌ಬಾಲಿನ ಫೈನಲ್. ಸೀಹಾಕ್ಸ್ ಸತತ ಎರಡನೆಯ ಸಲ ಫೈನಲಿಗೆ ಬಂದಿತ್ತು. ಅಕ್ಬರನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಕೊನೆಯ ಕ್ಷಣ, ಗೆಲ್ಲಲು ಇನ್ನೊಂದೇ ಗಜ ಬಾಕಿ, ಎಸೆದ ಚೆಂಡು ಎದುರಾಳಿಯ ಕೈಸೇರಿತು. ಮನೆಯೆಲ್ಲ ಸ್ಮಶಾನ. ಅಕ್ಬರ್ ತಲೆ ಮೇಲೆ ಕೈಹೊತ್ತು ನೆಲಕ್ಕೆ ಕುಸಿದ. ಅಶ್ವತ್ಥ ಮಾತ್ರ ಸೋಫಾದ ತುದಿಯಲ್ಲಿ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದು ಕೂತೇ ಇದ್ದ.

ವಾಪಸು ಬರುವಾಗ ರಜನಿ ಡ್ರೈವ್ ಮಾಡುತ್ತಿದ್ದಳು. “ಒಂದು ಮ್ಯಾಚ್ ಸೋತಿದ್ದಕ್ಕೆ ಇಷ್ಟಾ? ಬಾಯೇ ಬಿಡ್ತಿಲ್ವಲ್ಲ,” ಎಂದಳು.

“ಮ್ಯಾಚಲ್ಲ ಕಣೇ,” ಎಂದ ಅಶ್ವತ್ಥ. ಆಮೇಲೆ ವಾಲ್ಟ್ ಹೇಳಿದ್ದು, ಡಾಕ್ಟರ್ ಹೇಳಿದ್ದು, ಎಲ್ಲವನ್ನೂ ಹೇಳಿಬಿಟ್ಟ.

ರಜನಿ ಕಾರನ್ನು ಪಕ್ಕದ ಪೆಟ್ರೋಲ್ ಬಂಕಿಗೆ ತಿರುಗಿಸಿ ನಿಲ್ಲಿಸಿದಳು.

“ನಾನೇನಂದ್ಕೊಂಡಿದ್ದೆ ಗೊತ್ತಾ? ಆ ಹಾಳು ಇಸ್ಪೀಟಿನ ಚಟಕ್ಕೇ ನಿಮ್ಮ ಕೈ ಹಿಂಗಾಡ್ತಿದೆ ಅಂತ. ದಸರೆಯಿಂದ ನೋಡ್ತಾನೇ ಇದೀನಿ. ಚಾಮುಂಡಿಗೆ ಹರಕೆ ಹೊತ್ತಿದೀನಿ ರೀ. ಇವರ ಕೈಯಿಂದ ಎಲೆ ಬಿಡ್ಸು ತಾಯಿ, ಬಂದು ಸೀರೆ ಉಡಿಸ್ತೀನಿ ಅಂತ.” ಅವಳ ದನಿ ಒಡೆಯಿತು. “ಎಲೆ ಬಿಡ್ಸು ಅಂತ ಬೇಡ್ಕೊಂಡೆ. ಅವಳು ಕೈಗೇ ಕೈ ಹಾಕ್ಬಿಟ್ಲಲ್ಲ ರೀ!”

“ಹುಚ್ಚಿ! ತಾಯಿಗೆ ಬೇರೆ ಕೆಲಸ ಇಲ್ವಾ? ಟಕ್ವಿಲಾ ಎಲ್ಲಿದೆ ಅಂತ ಅವಳಿಗೇನು ಗೊತ್ತು?” ಎಂದು ನಗಿಸಲು ಹೋದ ಅಶ್ವತ್ಥ. ನಗಿಸಲು ಹೋದವನೇ ಅತ್ತ. ಇಬ್ಬರೂ ಅತ್ತರು.

ಹೇಳಿಕೊಂಡರೆ ಹಗುರ ಅನ್ನುತ್ತಾರೆ. ಅಶ್ವತ್ಥನಿಗೆ ಹಾಗಾಗಲಿಲ್ಲ. ಹೇಳಿದ ಮರುದಿನದಿಂದ ಅವನು ಮನೆಯಲ್ಲಿ ಗಾಜಿನ ಸಾಮಾನಾದ. ಕಾರಿನ ಕೀ ರಜನಿಯ ಬ್ಯಾಗು ಸೇರಿತು. ಕಾಲೇಜಿನಿಂದ ಓಡಿಬಂದ ಮಗಳು ಜಾಹ್ನವಿ ಅಪ್ಪ ತಟ್ಟೆ ಎತ್ತಿದರೆ ಸಾಕು, “ಐ ಗಾಟ್ ಇಟ್, ಅಪ್ಪಾ,” ಎಂದು ಕಿತ್ತುಕೊಳ್ಳುತ್ತಿದ್ದಳು. ಅವಳದ್ದು ಪ್ರೀತಿಯೇ, ಯಾರು ಇಲ್ಲ ಅಂದರು? ಆದರೆ ಅವನು ನಿಜವಾಗಿ ಕುಸಿದದ್ದು ಅಕ್ಬರನಿಂದ. ಒಂದು ಸಂಜೆ ಅಶ್ವತ್ಥ ಬೇಕೆಂದೇ, ಆ ಕೊನೆಯ ಗಜದಲ್ಲಿ ಚೆಂಡು ಹಿಡಿದು ನುಗ್ಗುವ ಬದಲು ಎಸೆದದ್ದೇ ಸರಿ ಎಂದು ಕಡ್ಡಿ ಆಡಿಸಿದ. ಇಡೀ ಸಿಯಾಟಲ್ ಹಲ್ಲು ಕಡಿಯುತ್ತಿದ್ದ ಮಾತದು. ರಜನಿಯಿಂದ ವಿಷಯ ತಿಳಿದಿದ್ದ ಅಕ್ಬರ್ ಒಂದು ಗಳಿಗೆ ಅವನ ಕೈ ನೋಡಿ, “ಹೌದು ಕಣೋ, ನೀನ್ ಹೇಳೋದೂ ಸರೀನೇ,” ಎಂದ.

ಅಶ್ವತ್ಥ ಆ ರಾತ್ರಿ ಊಟ ಬಿಟ್ಟ. ರಜನಿ ಬಲವಂತ ಮಾಡಿದಾಗ, “ಅಕ್ಬರ್ ನನ್ನ ಹತ್ರ ಜಗಳ ಆಡಲ್ಲ ಅಂದ್ಮೇಲೆ ನಾನು ಸತ್ತ ಹಾಗೇ ಲೆಕ್ಕ,” ಎಂದ.

ರಜನಿ ಎರಡು ದಿನ ಯೋಚಿಸಿದಳು. ಶನಿವಾರ ಊಟವಾದಮೇಲೆ ಅವಳೇ ಜಾಕೆಟ್ಟು ತಂದು ಅವನ ಮುಂದೆ ಹಿಡಿದಳು. “ಏಳ್ರೀ. ನಾನೇ ಬಿಡ್ತೀನಿ ನಡೀರಿ ನಿಮ್ಮ ಆ ದರಿದ್ರ ಕ್ಯಾಸಿನೊಗೆ.”

“ಹರಕೆ?”

“ಅದನ್ನ ನಾನು ತಾಯಿ ಹತ್ರ ಮಾತಾಡ್ಕೋತೀನಿ.”

ಹೀಗೆ ರಜನಿ ಜೀವಮಾನದಲ್ಲಿ ಮೊದಲ ಸಲ ಕ್ಯಾಸಿನೊ ಮೆಟ್ಟಿಲು ಹತ್ತಿದಳು. ಅಕ್ಬರ್ ಕೂರುವ ಜಾಗದಲ್ಲಿ ಕೂತು, ಯಾರಾದರೂ ಕನ್ನಡದವರು ನೋಡಿಯಾರೆಂದು ಸೆರಗಿಲ್ಲದ ಹೆಗಲ ಮೇಲೆ ದುಪ್ಪಟ್ಟ ಎಳೆದುಕೊಂಡಳು.

ಅಶ್ವತ್ಥನ ಹಳೇ ಕುರ್ಚಿ ಖಾಲಿಯಿತ್ತು. ಅವನು ಸುಮ್ಮನೆ ಕೂತು ಆಡಬಹುದಿತ್ತು. ವಾಲ್ಟ್ ಒಬ್ಬನನ್ನು ಬಿಟ್ಟರೆ ನಡುಕದ ಗುಟ್ಟು ಯಾರಿಗೂ ಗೊತ್ತಿಲ್ಲ, ಅವರೆಲ್ಲ ಮೊದಲಿನಂತೆಯೇ ಹೆದರಿ ಪ್ಯಾಕ್ ಆಗುತ್ತಿದ್ದರು. ದಾರಿಯುದ್ದಕ್ಕೂ ಆ ಆಸೆ ಅವನನ್ನು ಕಾಡಿತ್ತು ಎನ್ನುವುದನ್ನು ಮುಚ್ಚಿಡಲಾರೆ. ಆದರೆ ಎಲೆ ಹಂಚುವ ಮೊದಲೇ ಅವನು ಬಲಗೈಯನ್ನು ಮೇಜಿನ ಮೇಲಿಟ್ಟು, “ಇದು ಕಾಯಿಲೆ. ಪಾರ್ಕಿನ್ಸನ್ಸ್. ಎಲೆಗೂ ಇದಕ್ಕೂ ಸಂಬಂಧ ಇಲ್ಲ. ಇದನ್ನ ನೋಡಿ ಆಡಬೇಡಿ,” ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟ.

ಒಬ್ಬ ಕೆಮ್ಮಿದ. ಆಟ ಶುರುವಾಯಿತು.

ಅಶ್ವತ್ಥ ಮತ್ತೆ ಗೆಲ್ಲತೊಡಗಿದ. ಪಣ ಕಟ್ಟಿದ, ಎಲ್ಲರೂ ಪ್ಯಾಕ್. ಇನ್ನೊಮ್ಮೆ ಕಟ್ಟಿದ, ಮತ್ತೆ ಎಲ್ಲರೂ ಪ್ಯಾಕ್. ಮೂರನೆಯ ಸಲ ಪಕ್ಕದ ಟೋಪಿಯವನು ಎಲೆ ಬಿಸಾಕುವಾಗ ಅವು ಅರೆಕ್ಷಣ ಮಗುಚಿಕೊಂಡವು. ಎರಡು ರಾಜ. ಎರಡು ರಾಜ ಹಿಡಿದವನು ಯಾವ ಹುಚ್ಚಿಗೆ ಪ್ಯಾಕ್ ಆಗುತ್ತಾನೆ? ಟೋಪಿಯವನು ಕಣ್ಣು ತಪ್ಪಿಸಿ, ಮೆಲ್ಲಗೆ ಮುಗುಳ್ನಕ್ಕ.

ಅಶ್ವತ್ಥನಿಗೆ ಅರ್ಥವಾಯಿತು. ಇಲ್ಲಿಯೂ ಬಂತಲ್ಲ ಕನಿಕರ! ದೊಡ್ಡ ಹುಡುಗರ ಆಟದಲ್ಲಿ ಚಿಕ್ಕ ಮಗುವನ್ನು ಸೇರಿಸಿಕೊಂಡು, ಔಟಾದರೂ ಔಟಲ್ಲ ಎನ್ನುವ ಹಾಗೆ ಅವನನ್ನು ಆಡಿಸುತ್ತಿದ್ದರು. ಎದ್ದು ಹೋಗೋಣ, ಇನ್ನು ಇತ್ತ ಕಾಲಿಡುವುದೇ ಬೇಡ ಅನಿಸಿತು. ಅಷ್ಟರಲ್ಲಿ ಹೊಸ ಎಲೆ ಬಂದಿತ್ತು. ಎರಡು ರಾಣಿ. ಅವನು ಸಿಟ್ಟಿನಿಂದ ತನ್ನ ಮುಂದಿದ್ದ ಪಣದ ಬಿಲ್ಲೆಗಳನ್ನೆಲ್ಲ ನಡುವಿಗೆ ನೂಕಿದ. ತಗೊಳ್ಳಿ, ಇದಕ್ಕೂ ಪ್ಯಾಕ್ ಆಗಿ!

ಆದರು. ಟೋಪಿಯವನು ಆದ, ಅವನ ಆಚೆಯವನು ಆದ, ಒಬ್ಬೊಬ್ಬರೇ ಎಲೆ ಕೆಳಗಿಟ್ಟರು. ಉಳಿದದ್ದು ವಾಲ್ಟ್ ಒಬ್ಬ.

ಮುದುಕ ಅವಸರ ಮಾಡಲಿಲ್ಲ. ಮೇಜಿನ ಮೇಲೆ ಕುಣಿಯುತ್ತಿದ್ದ ಕೈಯ ಕಡೆ ಅವನು ಕಣ್ಣೆತ್ತಲೂ ಇಲ್ಲ. ಅಶ್ವತ್ಥನ ಮುಖವನ್ನೇ ನೋಡಿದ, ಬೇಟೆಯನ್ನು ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ. ಅಶ್ವತ್ಥನಿಗೆ ಹಣೆಯಲ್ಲಿ ಬೆವರೊಡೆಯಿತು. ಎಷ್ಟೋ ತಿಂಗಳುಗಳಿಂದ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ.

“ಕಾಲ್,” ಎಂದ ವಾಲ್ಟ್, ಎರಡು ಎಕ್ಕಾ ಮಗುಚಿದ.

ಎಲ್ಲರಿಗೂ ಸಲ್ಲುವಂತೆ ನಡುವೆ ಹಾಸಿದ ಎಲೆಗಳು ಅಶ್ವತ್ಥನ ನೆರವಿಗೆ ಬರಲಿಲ್ಲ. ಮೇಜಿನವರು ಮುದುಕನನ್ನು ಕಟುಕನನ್ನು ನೋಡುವಂತೆ ನೋಡಿದರು. ವಾಲ್ಟ್ ಯಾರನ್ನೂ ಲಕ್ಷಿಸದೆ, ಎರಡೂ ತೋಳು ಚಾಚಿ, ಅಶ್ವತ್ಥನ ಬಿಲ್ಲೆಗಳನ್ನು ಒಂದೂ ಬಿಡದೆ ತನ್ನ ಕಡೆ ಬಳಿದುಕೊಂಡ.

ಅಶ್ವತ್ಥ ಎದ್ದು ಹೋಟೆಲಿನ ಕಡೆ ಬಂದ. ಅವನ ಕಣ್ಣು ತುಂಬಿದ್ದನ್ನು ಕಂಡು ರಜನಿ ಗಾಬರಿಯಿಂದ ಎದ್ದು ನಿಂತಳು.

“ಏನಾಯ್ತು ರೀ? ಯಾರಾದ್ರೂ ಏನಾದ್ರೂ ಅಂದ್ರಾ?”

“ಇಲ್ಲ ಕಣೇ,” ಎಂದ ಅಶ್ವತ್ಥ. “ಆ ಮುದುಕ ನನ್ನ ಸೋಲಿಸ್ಬಿಟ್ಟ. ಒಂಚೂರೂ ಕನಿಕರ ಇಲ್ದೆ ಸೋಲಿಸ್ಬಿಟ್ಟ, ರಜನಿ.” ಎಂದವನೇ, ಅಷ್ಟು ಜನರ ನಡುವೆ, ಕಳೆದುಹೋದದ್ದು ಸಿಕ್ಕವನ ಹಾಗೆ ಗಳಗಳನೆ ಅತ್ತ.