ಹಸು ಹಿಂಬಾಲಿಸಿದ ಟೀಚರಮ್ಮ

ನಮ್ಮೂರಿನ ಅಂಗನವಾಡಿ ಟೀಚರಮ್ಮನ ಎಡಭುಜ ಬಲಭುಜಕ್ಕಿಂತ ಒಂದಿಷ್ಟು ಕೆಳಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಚೀಲ ಹೊತ್ತು ಹೊತ್ತು ಬಂದದ್ದು. ಬಸ್ಸಿಳಿದು ಅವರು ಓರೆಯಾಗಿ ನಡೆದು ಬರುವುದನ್ನು ನೋಡಿದರೆ ದೂರದಿಂದಲೇ ಗುರುತು ಸಿಗುತ್ತಿತ್ತು. ಚೀಲದ ತುಂಬ ಬಸುರಿಯರಿಗೆ, ಎಳೆ ಮಕ್ಕಳಿಗೆ ಸರ್ಕಾರ ಕೊಡುವ ಪೌಷ್ಟಿಕ ಹಿಟ್ಟಿನ ಪ್ಯಾಕೆಟ್ಟುಗಳು. ಅದರಲ್ಲಿ ಒಂದಾದರೂ ಒಡೆದು ಸೀರೆಯ ನೆರಿಗೆಗೆಲ್ಲ ಪುಡಿ ಮೆತ್ತಿಕೊಂಡಿರುತ್ತಿತ್ತು. ಅವರು ಹತ್ತಿರ ಬಂದರೆ ಹುರಿದ ಗೋಧಿಯ ಘಮ.

ಅವರದು ಕೆಜಿಎಫ್‌, ಮೈಸೂರು ಮೈನ್ಸ್‌ನ ಕಾರ್ಮಿಕರ ಲೈನ್ ಮನೆ. ಅಪ್ಪ ಗಣಿಯಲ್ಲಿ ದುಡಿದವರು, ಮನೆಮಾತು ತಮಿಳು. ಕನ್ನಡದಲ್ಲಿ ಶುರುವಾದ ಅವರ ಮಾತು ಸಿಟ್ಟು ಬಂದರೆ ತಮಿಳಿಗೆ ಹಾರುತ್ತಿತ್ತು, ಮುದುಕಿಯರನ್ನು ಒಲಿಸಿಕೊಳ್ಳಬೇಕಾದರೆ ತೆಲುಗಿಗೆ ಇಳಿಯುತ್ತಿತ್ತು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, “ಬಸ್ಸಿಗೆ ಹೊತ್ತಾಯ್ತು” ಎಂದು ಎದ್ದುಬಿಡುತ್ತಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಕೇಳಿದರೂ ಅದೇ ಉತ್ತರ.

ನಾನು ಕಾಮಸಮುದ್ರದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದು, ಮೊದಲ ಸಲ ಬಸುರಿಯಾಗಿದ್ದೆ. ಏಳು ತಿಂಗಳಾಗಿದ್ದಾಗ ಟೀಚರಮ್ಮ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ನೋಡಿದ ಡಾಕ್ಟರು ಮುಖ ಗಂಟಿಕ್ಕಿ, “ಇಷ್ಟು ಕಡಿಮೆ ರಕ್ತದಲ್ಲಿ ಹೆರಿಗೆ ಅಂದ್ರೆ ತಾಯಿಗೂ ಅಪಾಯ, ಮಗುಗೂ ಅಪಾಯ” ಎಂದರು. ಬಸ್ಸಿಳಿದ ಮೇಲೆ ಟೀಚರಮ್ಮ ಕೇಳಿದರು:

“ಹಿಟ್ಟು ತಿಂತಿದ್ದೀಯಾ ಕಣ್ಣು?”

ಕಣ್ಣು ಎಂದರೆ ಅವರ ತಮಿಳಿನಲ್ಲಿ ನಮ್ಮ ‘ಚಿನ್ನ’ ಇದ್ದ ಹಾಗೆ. ಊರಿನ ಎಲ್ಲ ಹೆಣ್ಣುಮಕ್ಕಳೂ ಅವರಿಗೆ ಕಣ್ಣೇ. ನಾನು ಹೌದೆಂದು ತಲೆಯಾಡಿಸಿದೆ. ಅತ್ತೆಯ ಮನೆಯ ವಿಷಯವನ್ನು ಬೀದಿಯಲ್ಲಿ ಹೇಳುವುದು ಹೇಗೆ? ಹಿಟ್ಟು ಅತ್ತೆಯ ಕೈಗೆ ಹೋಗುತ್ತಿತ್ತು. ರಕ್ತ ಹೆಚ್ಚಲು ಕೊಡುತ್ತಿದ್ದ ಮಾತ್ರೆಯೂ ಅಷ್ಟೇ. ನನಗೆ ಸಿಗುತ್ತಿದ್ದುದು ಅರ್ಧ ಮುದ್ದೆ, ನೀರಾದ ಸಾರು. ಹಸಿವಿನಲ್ಲಿ ಅತ್ತೆಯನ್ನು ಮನಸ್ಸಿನಲ್ಲೇ ಬೈಯುತ್ತಾ ಮಲಗುತ್ತಿದ್ದೆ. ಜಿಪುಣಿ, ಕಲ್ಲುಮನಸ್ಸಿನವಳು ಎಂದುಕೊಂಡಿದ್ದೆ.

ಗುಟ್ಟು ರಟ್ಟು ಮಾಡಿದ್ದು ನಮ್ಮ ಸೀಮೆಹಸು. ಮುಂದಿನ ಸಲ ಟೀಚರಮ್ಮ ನಮ್ಮ ಬಾಗಿಲಿಗೆ ಬಂದಾಗ ಅದು ಗೂಟ ಕಿತ್ತುಕೊಂಡು ಹೊರಟಿತು. ಅವರು ಹೆದರಿ ಮುಂದೆ ನಡೆದರೆ ಹಿಂದೆ ಹಿಂದೆಯೇ ಹೋಯಿತು, ಓಡಿದರೆ ಓಡಿತು. ಕೊನೆಗೆ ಅರಳಿಕಟ್ಟೆಯ ಹತ್ತಿರ ಅವರನ್ನು ತಡೆದು ನಿಲ್ಲಿಸಿ ಚೀಲದೊಳಗೆ ಮೂತಿ ತೂರಿಸಿ, ಸೀರೆಯ ನೆರಿಗೆಯನ್ನೂ ನೆಕ್ಕಿತು. ಬೀದಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಟೀಚರಮ್ಮ ಮಾತ್ರ ನಗಲಿಲ್ಲ. ರುಚಿ ಹತ್ತದೆ ಹಸು ಹೀಗೆ ಬೆನ್ನು ಹತ್ತುವುದಿಲ್ಲ ಎಂದು ಅವರಿಗೆ ಹೊಳೆದಿತ್ತು.

ಹಗ್ಗ ಹಿಡಿದು ಹಸುವನ್ನು ಅವರೇ ವಾಪಸ್ಸು ತಂದರು. ಕಲಗಚ್ಚಿನ ಬಾನಿಯಲ್ಲಿ ಬೆರಳಾಡಿಸಿ ಮೂಸಿ ನೋಡಿದರು. ಈಗ ತಮಿಳು ಶುರುವಾಗುತ್ತದೆ ಎಂದು ನಾನು ಬಾಗಿಲ ಹಿಂದೆ ಅಡಗಿ ನಿಂತಿದ್ದೆ. ಅವರು ಜಗಲಿಯ ಮೇಲೆ ಕೂತು, ಮೆಲ್ಲಗೆ ಅತ್ತೆಯನ್ನು ಕೇಳಿದರು.

“ಅಕ್ಕ, ಹಸು ಗಬ್ಬ ಅಲ್ವಾ? ಅದಕ್ಯಾಕೆ ಇಷ್ಟೊಂದು ಹಿಟ್ಟು ಹಾಕ್ತೀರ?”

“ಅಯ್ಯೋ, ಒಟ್ಟೇಲಿ ಕರ ಐತಲ್ಲ ಟೀಚರಮ್ಮ. ತಿನ್ನದಿದ್ರೆ ಈಯಾಕೆ ಶಕ್ತಿ ಎಲ್ಲಿಂದ ಬತ್ತೈತೆ?”

ಟೀಚರಮ್ಮ ಬಾಗಿಲ ಹಿಂದಿದ್ದ ನನ್ನ ಕಡೆ ನೋಡಿದರು. ಅತ್ತೆಯೂ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಬಾಡಿತು. ಸೆರಗು ಬಾಯಿಗಿಟ್ಟುಕೊಂಡು ಜಗಲಿಯ ಮೇಲೆ ಕುಸಿದರು.

“ನನ್ ಮಗಳು ಎರಿಗೇಲೇ ಓಗ್ಬುಟ್ಲು ಟೀಚರಮ್ಮ. ಕೂಸು ದಪ್ಪ ಆಗಿತ್ತು ಅಂದ್ರು. ಚೆಂದಾಗಿ ತಿನ್ಲಿ ಅಂತ ನಾನೇ ಕೂರಿಸ್ಕೊಂಡು ತಿನ್ನಿಸಿದ್ದೆ. ಇವಳೂ ಅಂಗೇ ಓಗ್ಬುಟ್ರೆ ನಾನೇನ್ ಮಾಡ್ಲಿ?”

ನನ್ನ ಗಂಡನಿಗೆ ಒಬ್ಬ ಅಕ್ಕ ಇದ್ದಳೆಂದು ಗೊತ್ತಿತ್ತು, ಹೋದದ್ದು ಹೇಗೆ ಎಂದು ಯಾರೂ ಹೇಳಿರಲಿಲ್ಲ. ಅತ್ತೆ ನನ್ನನ್ನು ಉಪವಾಸ ಕೆಡವಿದ್ದು, ಮಾತ್ರೆ ಕೊಡದಿದ್ದದ್ದು ಕೂಸು ದಪ್ಪವಾಗದೆ ನಾನು ಬದುಕಲಿ ಎಂದೇ. ಅಷ್ಟು ದಿನದ ನನ್ನ ಸಿಟ್ಟು ಎಲ್ಲಿ ಹೋಯಿತೋ, ನಾನೂ ಅಳುತ್ತಾ ಹೊರಗೆ ಬಂದೆ.

ಟೀಚರಮ್ಮ ಅತ್ತೆಯ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಿಮ್ಮ ಮಗಳು ಹೋದದ್ದು ನೀವು ಉಣ್ಣಿಸಿದ ಅನ್ನದಿಂದಲ್ಲ ಎಂದರು. ಹೆರಿಗೆ ಮನೆಯಲ್ಲಿ ಬೇಡ, ಬಂಗಾರಪೇಟೆ ಆಸ್ಪತ್ರೆಯಲ್ಲೇ ಆಗಲಿ, ನಾನೂ ಜೊತೆಗೆ ಬರುತ್ತೇನೆ ಎಂದು ಮಾತು ಕೊಟ್ಟರು. ಆಮೇಲೆ ಅಡುಗೆಮನೆಗೆ ಹೋಗಿ, ಹಿಟ್ಟಿಗೆ ಬೆಲ್ಲ, ಬಿಸಿನೀರು ಹಾಕಿ ಕಲಸಿ ಉಂಡೆ ಕಟ್ಟಿ ತಂದರು.

“ನನ್ನ ಕಣ್ಮುಂದೆ ತಿನ್ನು ಕಣ್ಣು. ಆಮೇಲೆ ಹೋಗ್ತೀನಿ.”

ಅಂದಿನಿಂದ ಆ ಮಾತನ್ನು ದಿನವೂ ಕೇಳಿದೆ. ಬಸುರಿ ತಿನ್ನುವುದನ್ನು ಹೊರಗಿನವರು ನೋಡಿದರೆ ದೃಷ್ಟಿಯಾಗುತ್ತದೆ ಎಂದು ಅತ್ತೆ ಗೊಣಗಿದರು. “ನಾನು ಹೊರಗಿನವಳಾ ಅಕ್ಕ?” ಎಂದು ಟೀಚರಮ್ಮ ಕೇಳಿದರು. ಆದರೂ ಅವರು ಹೋದ ಮೇಲೆ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಮಾತ್ರೆಯನ್ನೂ ಅವರೇ ಎಣಿಸಿ ಕೊಡತೊಡಗಿದರು. ಪಾಪ, ಹಸು ಮಾತ್ರ ಬಾನಿಯ ಹತ್ತಿರ ನಿಂತು ಅಂಬಾ ಅನ್ನುತ್ತಿತ್ತು.

ಬಂಗಾರಪೇಟೆಯಲ್ಲಿ ಸಲೀಸಾಗಿ ಹೆರಿಗೆಯಾಯಿತು. ನರ್ಸು ಹೊರಗೆ ಹೋಗಿ ಹೆಣ್ಣು ಮಗು ಎಂದರೆ ಅತ್ತೆಯ ಕಿವಿಗೆ ಅದು ಬೀಳಲೇ ಇಲ್ಲವಂತೆ. “ನನ್ ಸೊಸೆ ಎಂಗವ್ಳೆ? ಉಸಿರಾಡ್ತವ್ಳಾ?” ಎಂಬ ಅವರ ಕೂಗು ಒಳಗಿದ್ದ ನನಗೇ ಕೇಳಿಸಿತು. ಕಣ್ಣು ಬಿಟ್ಟಾಗ ಟೀಚರಮ್ಮ ಪಕ್ಕದಲ್ಲಿದ್ದರು. ಭುಜದ ಮೇಲೆ ಚೀಲ ಇರಲಿಲ್ಲ. ಆದರೂ ಎಡಕ್ಕೆ ವಾಲಿಯೇ ನಿಂತಿದ್ದರು. “ಅಪ್ಪಾಡಾ” ಎಂದು ಉಸಿರು ಬಿಟ್ಟು ಮಂಚದ ತುದಿಯಲ್ಲಿ ಕೂತರು. ಆ ಒಂದು ಉಸಿರಿನಲ್ಲಿ ನನ್ನ ಭಯವೂ ಹೋಯಿತು.

ನನ್ನ ಮಗಳು ಈಗ ಹೈಸ್ಕೂಲು. ಟೀಚರಮ್ಮ ನಿವೃತ್ತರಾಗಿ ಲೈನ್ ಮನೆಯಲ್ಲಿ ಒಬ್ಬರೇ ಇದ್ದಾರೆ. ನಮ್ಮ ಕೊಟ್ಟಿಗೆಯಲ್ಲಿ ಹಸು ಈದಾಗಲೆಲ್ಲ ಅತ್ತೆ ಮೊದಲ ಗಿಣ್ಣನ್ನು ಡಬ್ಬಿಗೆ ತುಂಬಿ ನನ್ನನ್ನು ಕೆಜಿಎಫ್‌ ಬಸ್ಸು ಹತ್ತಿಸುತ್ತಾರೆ. ಹೋದ ತಿಂಗಳೂ ಹೋಗಿದ್ದೆ. ಟೀಚರಮ್ಮ ಸೊರಗಿ ಬಡವಾಗಿದ್ದರು. ಒಲೆ ತಣ್ಣಗಿತ್ತು.

“ಅಲ್ಲಿಡು ಕಣ್ಣು, ಆಮೇಲೆ ತಿಂತೀನಿ. ನಿನಗೆ ಬಸ್ಸಿಗೆ ಹೊತ್ತಾಯ್ತು.”

ನಾನು ಡಬ್ಬಿಯ ಮುಚ್ಚಳ ತೆಗೆದು ಅವರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತೆ.

“ನನ್ನ ಕಣ್ಮುಂದೆ ತಿನ್ನಿ ಟೀಚರಮ್ಮ. ಆಮೇಲೆ ಹೋಗ್ತೀನಿ.”

ಅವರು ನನ್ನನ್ನೇ ನೋಡಿದರು. ಆಮೇಲೆ ನಗುತ್ತಾ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ತಳ ಕಾಣುವವರೆಗೂ ನಾನು ಏಳಲಿಲ್ಲ. ಆ ಬಸ್ಸು ತಪ್ಪಿತು, ಮುಂದಿನದಕ್ಕೆ ಬಂದೆ.