ಹೇಳಿದ್ದಷ್ಟೇ ಬರೆದವಳು

ಮನೆಮನೆ ತಿರುಗಿ ಜನರ ವಿವರ ಬರೆದುಕೊಳ್ಳುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಪಟ್ಟಿಯಕ್ಕ. ಎಲ್ಲಿಂದ ಬಂದಿರಿ, ಯಾವಾಗ ಬಂದಿರಿ, ಅಪ್ಪ ಏನು ಮಾಡುತ್ತಿದ್ದರು, ಮಕ್ಕಳು ಏನಾಗಲಿ ಅಂತಿದ್ದೀರಿ, ಇಂಥವು ನಲವತ್ತೆರಡು ಪ್ರಶ್ನೆ. ಕಾಗದಗಳೆಲ್ಲ ಕಾಲೇಜಿನ ಪ್ರೊಫೆಸರರಿಗೆ ಹೋಗುತ್ತಿದ್ದವು. ಅವರು ಹಿಂದಿನದನ್ನು ಅಳೆದು ಸುರಿದು, ಮುಂದೆ ಯಾವ ಬೀದಿಗೆ ಏನು ಬೇಕಾದೀತು ಎಂದು ಸರ್ಕಾರಕ್ಕೆ ಹೇಳುತ್ತಿದ್ದರು. ಮೊದಲ ದಿನವೇ ಅವಳಿಗೆ ಕಟ್ಟಪ್ಪಣೆ ಮಾಡಿದ್ದರು: ಜನ ಹೇಳಿದ್ದನ್ನು ಬರೆ, ನಿನಗೆ ಗೊತ್ತಿರುವುದನ್ನು ಬರೆಯಬೇಡ. ಅವಳು ಒಂದು ದಿನವೂ ಅದನ್ನು ಮೀರಿರಲಿಲ್ಲ.

ಎರಡು ವರ್ಷದ ಹಿಂದೆ ಅವಳ ಪಾಲಿಗೆ ಬಂದದ್ದು ರೈಲು ಹಳಿಯ ಪಕ್ಕದ ಓಣಿ. ತಾಯಿ ತೀರಿಹೋದ ಮೇಲೆ ಚಿಕ್ಕಮ್ಮ ಅವಳನ್ನು ಸಾಕಿದ್ದು ಅಲ್ಲೇ. ಹೊಸದಾಗಿ ಬಂದವರಿಗೇ ಮೊದಲು ನಲ್ಲಿ ಹಾಕಿಸುತ್ತಾರಂತೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು.

"ಎಷ್ಟು ವರ್ಷದಿಂದ ಇದ್ದೀರಿ?" ಎಂದು ಕೇಳಿದಾಗ ಚಿಕ್ಕಮ್ಮ ಪಾತ್ರೆ ತಿಕ್ಕುತ್ತಲೇ, "ಬಂದು ಎರಡು ವರ್ಷ ಆಯ್ತಮ್ಮ" ಎಂದಳು.

"ಚಿಕ್ಕಮ್ಮಾ, ನನ್ನ ಹಾಲುಹಲ್ಲು ಉದುರಿದ್ದೇ ಈ ಹೊಸ್ತಿಲಲ್ಲಿ!"

"ನಿನ್ನ ಹಲ್ಲಿನ ಲೆಕ್ಕ ಯಾರು ಕೇಳಿದ್ರೇ? ಹೇಳಿದ್ದು ಬರ್ಕೋ. ನೀರು ಹೊತ್ತೂ ಹೊತ್ತೂ ನನ್ನ ಸೊಂಟ ಬಿದ್ದೋಗಿದೆ."

ಅವಳು ನಕ್ಕಳು, ಬರೆದಳು. ಮೂವತ್ತೊಂದು ಮನೆಯಲ್ಲೂ ಎರಡು ಇಲ್ಲವೇ ಮೂರು ವರ್ಷ ಎಂದೇ ಬರೆದಳು.

ನಲ್ಲಿ ಬರಲಿಲ್ಲ. ಈ ವರ್ಷ ಬಂದದ್ದು ರೈಲ್ವೆ ಆಫೀಸಿನ ನೋಟೀಸು. ಇನ್ನೊಂದು ಹಳಿ ಹಾಕಬೇಕು. ಹತ್ತು ವರ್ಷ ತುಂಬಿದವರಿಗೆ ಬೇರೆ ಕಡೆ ಜಾಗ, ಮಿಕ್ಕವರು ತಿಂಗಳೊಳಗೆ ಜಾಗ ಖಾಲಿ ಮಾಡಬೇಕು. ಓಣಿಯವರ ಹತ್ತಿರ ಬೇರೆ ಕಾಗದವೇನೂ ಇರಲಿಲ್ಲ. ಆಫೀಸಿನವರ ಕೈಯಲ್ಲಿದ್ದ ಸಾಕ್ಷಿ ಅವಳದೇ ಅಕ್ಷರ.

ಅವಳು ಪ್ರೊಫೆಸರರ ಕೋಣೆಗೆ ಓಡಿದಳು.

"ಸಾರ್, ಅವ್ರು ಸುಳ್ಳು ಹೇಳಿದ್ರು. ನನಗಾಗಲೇ ಗೊತ್ತಿತ್ತು."

"ಆಗ ನಲ್ಲಿ ಬೇಕು ಅಂತ ಎರಡು ವರ್ಷ ಅಂದ್ರು, ಈಗ ಮನೆ ಹೋಗುತ್ತೆ ಅಂತ ನಲವತ್ತು ಅಂತಾರೆ. ಮುಂದೆ ಏನು ಸಿಗುತ್ತೆ ಅಂತ ನೋಡ್ಕೊಂಡೇ ಜನ ಹಿಂದಿನದನ್ನ ಹೇಳೋದು, ತಾಯಿ. ಪಾಠ ಮಾಡುವಾಗ ನಾನೇ ಇದನ್ನ ಹೇಳ್ತೀನಿ."

"ಹಾಗಾದ್ರೆ ಗೊತ್ತಿದ್ದೂ ಆಫೀಸಿಗೆ ಯಾಕೆ ಕೊಟ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು.

"ನೀನೇ ತಪ್ಪು ಬರೆದೆ ಅಂತ ಬರೆದುಕೊಟ್ರೆ ಆ ಕಾಗದ ತೆಗೆದುಹಾಕಬಹುದು. ಆದ್ರೆ ಒಂದು ಓಣಿಗೆ ಮುಗಿಯಲ್ಲ. ನಿನ್ನ ಕೈಬರಹ ಇರೋದೆಲ್ಲ ಹೋಗುತ್ತೆ. ಹತ್ತೊಂಬತ್ತು ವರ್ಷದ್ದೂ."

ಆ ಕಾಗದಗಳಲ್ಲಿ ಈಗ ಬದುಕಿಲ್ಲದ ಎಷ್ಟೋ ಜನ ಇದ್ದರು. ಬಣ್ಣದ ಕಾರ್ಖಾನೆಯಲ್ಲಿ ಉಸಿರು ಕಟ್ಟಿ ಸತ್ತವರು, ಹೆರಿಗೆಯಲ್ಲಿ ಹೋದವರು. ಅವರ ಮಾತು ಬೇರೆಲ್ಲೂ ಉಳಿದಿರಲಿಲ್ಲ. ಎರಡು ದಿನ ಅವಳು ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಆಫೀಸಿಗೆ ಹೋಗಿ, ನಾನು ಸುಳ್ಳು ಬರೆದೆ, ಓಣಿಯವರು ಹಳಬರೇ, ಅವರ ತಪ್ಪಿಲ್ಲ ಎಂದು ಬರೆದು ಸಹಿ ಹಾಕಿದಳು.

ಗುಮಾಸ್ತ ಅದನ್ನು ಎರಡು ಸಲ ಓದಿದ. "ಸುಳ್ಳು ಬರೆಯೋಳು ಅಂತ ನೀನೇ ಒಪ್ಕೋತೀಯ. ಇದು ಮಾತ್ರ ನಿಜ ಅಂತ ಹೇಗಮ್ಮ ನಂಬೋದು?" ಎಂದು ಠಸ್ಸೆ ಒತ್ತಿ ಕಟ್ಟಿನ ಅಡಿಗೆ ಸೇರಿಸಿದ. "ನೋಡೋಣ, ಹೋಗು."

ಓಣಿಯಲ್ಲಿ ಎಲ್ಲರೂ ಬಾಗಿಲಿಗೆ ಬಂದು ನಿಂತಿದ್ದರು. ಚಿಕ್ಕಮ್ಮ ಹಾಳೆ, ಪೆನ್ನು ಹಿಡಿದು ಕಾದಿದ್ದಳು.

"ಬಂದ್ಯಾ? ಕೂತ್ಕೋ. ಈ ಸಲ ಸರಿಯಾಗಿ ಹೇಳ್ತೀನಿ ಕಣೆ. ನಲವತ್ತೊಂದು ವರ್ಷ, ದೇವರಾಣೆ. ಬರ್ಕೋ."

"ಇನ್ನು ನಾನು ಬರೆದದ್ದನ್ನ ಯಾರೂ ತಗೊಳ್ಳಲ್ಲ, ಚಿಕ್ಕಮ್ಮಾ."

ಚಿಕ್ಕಮ್ಮನಿಗೆ ಅರ್ಥವಾಗಲಿಲ್ಲ. ಪೆನ್ನು ಚಾಚಿದ ಕೈ ಹಾಗೇ ಇತ್ತು. ನೋಟೀಸಿನ ಗಡುವಿಗೆ ಇನ್ನು ಒಂಬತ್ತು ದಿನ ಉಳಿದಿತ್ತು.