ಚೆಂಡಿನ ಉಣ್ಣೆ

ನಿನ್ನೆ ಚಳ್ಳಕೆರೆಯ ಸನ್ಮಾನದಲ್ಲಿ ಚಿಕ್ಕಪ್ಪ ನನ್ನ ಅಕ್ಕನಿಗೆ ಕಂಬಳಿ ಹೊದಿಸಿದರು. ಆ ಕುರಿವಾಸನೆ ಮೂಗಿಗೆ ಬಡಿದದ್ದೇ ನಾನು ದೊಡ್ಡಉಳ್ಳಾರ್ತಿಯ ಕಾವಲಿಗೆ, ಬಾಲ್ಯದ ಆ ಹುಲ್ಲುಗಾವಲಿಗೆ, ಹೋಗಿಬಿಟ್ಟೆ.

ಅಲ್ಲಿ ಕುರಿ ಕಾಯುತ್ತಾ ಅಕ್ಕ ಹರಿದ ಲಂಗದ ಬಟ್ಟೆಯೊಳಗೆ ಉಣ್ಣೆ ತುರುಕಿ ಚೆಂಡು ಹೊಲಿದಿದ್ದಳು. ಪುಟಿಯದ ಆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುತ್ತಿದ್ದಳು. ಚಿಕ್ಕಪ್ಪ ಅದನ್ನು ಕುಡುಗೋಲಿನಿಂದ ಸೀಳಿದರು. "ಹೆಣ್ಣುಡುಗಿ ಹಿಂಗ್ ಒದಿಯೋದು ಚೆಂದೈತಾ? ಉಣ್ಣೆ ಕಂಬಳಿಗೆ ಬೇಕು" ಎಂದು ಕೊನೆಯ ಎಳೆಯನ್ನೂ ಹೆಕ್ಕಿಕೊಂಡರು.

ಮೊಳಕಾಲ್ಮೂರಿನ ಹಾಸ್ಟೆಲ್ ಸೇರಿದ ಮೇಲೆ ಅಕ್ಕನಿಗೆ ನಿಜವಾದ ಚೆಂಡು ಸಿಕ್ಕಿತು. ರಾಜ್ಯ ತಂಡದಲ್ಲಿ ಆಡಿದಳು. ಈಗ ಮಸ್ಕತ್‌ನಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕೋಚ್.

ನಿನ್ನೆ ಚಿಕ್ಕಪ್ಪ ಮೈಕ್ ಹಿಡಿದು, "ಇವಳಿಗೆ ಮೊದಲ್ನೇ ಚೆಂಡು ಕೊಟ್ಟೋನೇ ನಾನು" ಎಂದರು. ಜನ ಚಪ್ಪಾಳೆ ತಟ್ಟಿದರು.

ಅಕ್ಕ ಕಂಬಳಿ ಮಡಚಿ, ಕುರ್ಚಿಗೆ ಮರಳಿದ ಚಿಕ್ಕಪ್ಪನ ತೊಡೆಯ ಮೇಲಿಟ್ಟಳು.

"ಉಣ್ಣೆ ನಿಮ್ದೇ ಅಲ್ವಾ ಚಿಕ್ಕಪ್ಪ, ನೀವೇ ಇಟ್ಕಳ್ರಿ."